ಮರದಚ್ಚಿನ ಜಪಾನು ಮತ್ತು ನಮ್ಮ ಮನೆಯ ರದ್ದಿ



ಈ ಸಲ ನಾವು ಬಹಳ ದೂರದ ಒಂದು ದೇಶದ ಚಿತ್ರಗಳ ಬಗ್ಗೆ ಬರೆಯುತ್ತಿದ್ದೇವೆ. ಚಿಂಬಲ್‌ನಲ್ಲಿ ಕೂತು ಜಪಾನಿನ ಮಾತೇಕೆ ಎಂದು ಕೆಲವರು ಕೇಳಬಹುದು. ಚಿಂಬಲ್‌ಗೂ ಜಪಾನಿಗೂ ನಡುವೆ ಸಮುದ್ರಗಳಿವೆ ನಿಜ. ಆದರೆ ನಮ್ಮ ಊರಿನಿಂದ ಬಸ್ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಸಿಗುವ ಹಳೆ ಗೋವಾಕ್ಕೂ ಜಪಾನಿಗೂ ನಾಲ್ಕೂವರೆ ಶತಮಾನಕ್ಕಿಂತ ಹಳೆಯ ನಂಟಿದೆ. ಅದೂ ಮುದ್ರಣದ ನಂಟು! ಮೊದಲು ಅದನ್ನೇ ನೋಡೋಣ.

ಭಾರತದ ಮೊದಲ ಮುದ್ರಣ ಯಂತ್ರ 1556ರಲ್ಲಿ ಗೋವಾಕ್ಕೆ ಬಂತು ಎಂಬುದನ್ನು ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿ ನಮ್ಮ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅದನ್ನು ಇಟ್ಟಿದ್ದು ಹಳೆ ಗೋವಾದ ಸೇಂಟ್ ಪಾಲ್ ಕಾಲೇಜಿನಲ್ಲಿ. ಆ ಕಾಲೇಜಿನ ಒಂದು ಬಾಗಿಲಿನ ಕಮಾನು ಮಾತ್ರ ಇಂದು ಉಳಿದಿದೆ. ಇದೇ ಕಾಲೇಜಿನಲ್ಲಿ 1548ರಲ್ಲಿ ಆಂಜಿರೊ ಎಂಬ ಜಪಾನಿ ಮನುಷ್ಯ ಓದುತ್ತಿದ್ದ. ಮರುವರ್ಷ ಫ್ರಾನ್ಸಿಸ್ ಝೇವಿಯರ್ ಜಪಾನಿಗೆ ಹೋದಾಗ ದಾರಿ ತೋರಿಸಿ ದುಭಾಷಿಯಾದವನು ಇವನೇ.

ಮುಂದೆ 1582ರಲ್ಲಿ ಜಪಾನಿನಿಂದ ನಾಲ್ವರು ಹುಡುಗರು ರೋಮಿಗೆ ಹೊರಟರು. ನಮ್ಮ ಎಂಟನೇ ಒಂಬತ್ತನೇ ಇಯತ್ತೆಯ ಮಕ್ಕಳ ವಯಸ್ಸಿನವರು. ಹೋಗುವಾಗಲೂ ಬರುವಾಗಲೂ ಗೋವಾದಲ್ಲಿ ತಂಗಿದರು. ಮರಳಿ ಬರುವಾಗ 1587ರಲ್ಲಿ ಅವರಲ್ಲಿ ಒಬ್ಬನಾದ ಹಾರಾ ಮಾರ್ಟಿನೊ ಗೋವಾದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಭಾಷಣ ಮಾಡಿದ. ಆ ಭಾಷಣ 1588ರಲ್ಲಿ ಗೋವಾದಲ್ಲೇ ಪುಸ್ತಕವಾಯಿತು. ಅದನ್ನು ಅಚ್ಚು ಹಾಕಿದವನು ಅವರ ಜೊತೆಗೇ ಹೋಗಿ ಯುರೋಪಿನಲ್ಲಿ ಮುದ್ರಣ ಕಲಿತಿದ್ದ ಕೊನ್‌ಸ್ತಾಂತಿನೊ ದೊರಾದೊ ಎಂಬ ಜಪಾನಿ. ಪುಸ್ತಕದ ಮೇಲೆ ಅವನ ಹೆಸರೂ ಇದೆ. ಅವರು ಯುರೋಪಿನಿಂದ ತಂದ ಯಂತ್ರ 1590ರಲ್ಲಿ ಜಪಾನು ಮುಟ್ಟಿತು.

ಆದರೆ ಆ ಯಂತ್ರ ಅಲ್ಲಿ ಹೆಚ್ಚು ದಿನ ಬಾಳಲಿಲ್ಲ. 1614ರಲ್ಲಿ ಪಾದ್ರಿಗಳನ್ನು ದೇಶದಿಂದ ಹೊರಗೆ ಹಾಕಿದಾಗ ಯಂತ್ರವೂ ಹೋಯಿತು. ಲೋಹದ ಅಕ್ಷರ ಹೋದ ಮೇಲೂ ಜಪಾನಿನಲ್ಲಿ ಉಳಿದುಕೊಂಡದ್ದು ಮೊದಲಿನಿಂದ ಇದ್ದ ಮರದ ಹಲಗೆಯ ಅಚ್ಚು. ಮುಂದಿನ ಎರಡೂವರೆ ಶತಮಾನ ಜಪಾನಿನ ಪುಸ್ತಕ, ಚಿತ್ರ, ಜಾಹೀರಾತು ಬಹುತೇಕ ಎಲ್ಲವೂ ಮರದ ಮೇಲೆ ಕೊರೆದು ಒತ್ತಿದವು. ಇಂದು ಜಗತ್ತಿನ ಶ್ರೀಮಂತರು ಲಕ್ಷ ಲಕ್ಷ ಕೊಟ್ಟು ಸಂಗ್ರಹಿಸುವ ಜಪಾನಿ ಚಿತ್ರಗಳು ಹುಟ್ಟಿದ್ದು ಈ ಮರದ ಹಲಗೆಯಿಂದ.

ಒಂದು ಚಿತ್ರ, ನಾಲ್ಕು ಕೈ

ಮರದಚ್ಚಿನ ಚಿತ್ರ ಹೇಗೆ ತಯಾರಾಗುತ್ತದೆ ಎಂದು ತಿಳಿಯದೆ ಮುಂದಿನ ಮಾತು ತಿಳಿಯುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲು ಪ್ರಕಾಶಕ. ಹಣ ಹಾಕುವವನು, ಯಾವ ಚಿತ್ರ ಬೇಕೆಂದು ಹೇಳುವವನು ಅವನು. ಎರಡನೆಯವನು ಚಿತ್ರಕಾರ. ತೆಳ್ಳನೆಯ ಕಾಗದದ ಮೇಲೆ ಗೆರೆಯ ಚಿತ್ರ ಬರೆದು ಕೊಡುತ್ತಾನೆ. ಮೂರನೆಯವನು ಕೊರೆಯುವವನು. ಆ ಕಾಗದವನ್ನು ಕಾಡುಚೆರ್ರಿ ಮರದ ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ಗೆರೆ ಬಿಟ್ಟು ಉಳಿದ ಮರವನ್ನು ಉಳಿಯಿಂದ ತೆಗೆಯುತ್ತಾನೆ. ಕೂದಲಿನಷ್ಟು ಸಣ್ಣ ಗೆರೆಯೂ ಮುರಿಯಬಾರದು! ಈ ಕೆಲಸದಲ್ಲಿ ಚಿತ್ರಕಾರ ಬರೆದುಕೊಟ್ಟ ಮೂಲ ಕಾಗದ ಹರಿದು ಹೋಗುತ್ತದೆ. ಪ್ರತಿ ಬಣ್ಣಕ್ಕೆ ಬೇರೆ ಹಲಗೆ ಬೇಕು. ನಾಲ್ಕನೆಯವನು ಒತ್ತುವವನು. ಹಲಗೆಗೆ ನೀರಿನ ಬಣ್ಣ, ಅಕ್ಕಿ ಗಂಜಿ ಸವರಿ, ತೇವ ಮಾಡಿದ ಕಾಗದ ಹಾಸಿ, ಬಿದಿರಿನ ಪೊರೆ ಸುತ್ತಿದ ದುಂಡನೆಯ ಬಿಲ್ಲೆಯಿಂದ ಹಿಂಬದಿ ತಿಕ್ಕುತ್ತಾನೆ. ಇದಕ್ಕೆ ಯಂತ್ರವೇ ಇಲ್ಲ, ಎಲ್ಲ ಕೈಬಲ. ಒಂದೇ ಹಾಳೆಯನ್ನು ಮೂವತ್ತು ನಲವತ್ತು ಸಲ ಬೇರೆ ಬೇರೆ ಹಲಗೆಯ ಮೇಲೆ ಇಡಬೇಕಾಗುವುದೂ ಉಂಟು. ಹಾಳೆ ಒಂದು ಎಳೆಯಷ್ಟೂ ಸರಿಯಬಾರದೆಂದು ಪ್ರತಿ ಹಲಗೆಯ ಮೂಲೆಯಲ್ಲೂ ಅಂಚಿನಲ್ಲೂ ಸಣ್ಣ ಕಚ್ಚು ಕೊರೆದಿರುತ್ತಾರೆ. ಅದಕ್ಕೆ ಕೆಂತೊ ಎಂದು ಹೆಸರು.

1765ರ ಹೊತ್ತಿಗೆ ಹಲವು ಬಣ್ಣದ ಚಿತ್ರಗಳು ಬಂದವು. 1830ರ ದಶಕದಲ್ಲಿ ಹೊಕುಸಾಯಿ, ಹಿರೊಶಿಗೆ ಎಂಬವರ ಬೆಟ್ಟ, ಮಳೆ, ಹೆದ್ದಾರಿಯ ಚಿತ್ರಗಳು ಬಂದವು. ಇವು ಅರಮನೆಗೆ ಮಾಡಿದ ಚಿತ್ರಗಳಲ್ಲ. ಪೇಟೆಯ ಜನ ಒಂದು ಬಟ್ಟಲು ನೂಡಲ್ಸ್ ತಿನ್ನುವ ದುಡ್ಡಿಗೆ ಕೊಳ್ಳುತ್ತಿದ್ದ ಕಾಗದ. ನಮ್ಮಲ್ಲಿ ಜಾತ್ರೆಯಲ್ಲಿ ದೇವರ ಫೋಟೋ ಕೊಂಡ ಹಾಗೆ. ಗೋಡೆಗೆ ಹಚ್ಚುವುದು, ಹಳೆಯದಾದರೆ ಎಸೆಯುವುದು. ಪಿಂಗಾಣಿ ಸಾಮಾನು ಸುತ್ತಲು ಬಳಸಿದ್ದ ಇಂಥ ಕಾಗದವನ್ನು ಪ್ಯಾರಿಸಿನ ಕಲಾವಿದರು ಬಿಚ್ಚಿ ನೋಡಿ ಬೆರಗಾದರು ಎಂಬ ಕಥೆಯೂ ಇದೆ. ಕಥೆ ಇರಲಿ. ವ್ಯಾನ್ ಗೋ ಎಂಬ ಬಡ ಚಿತ್ರಕಾರ ಪ್ಯಾರಿಸಿನ ವ್ಯಾಪಾರಿಯೊಬ್ಬನ ಅಟ್ಟದಲ್ಲಿದ್ದ ಇಂಥ ನೂರಾರು ಚಿತ್ರಗಳನ್ನು ಅಗ್ಗವಾಗಿ ಕೊಂಡದ್ದು ಮಾತ್ರ ನಿಜ. ಅವನ ಸಂಗ್ರಹ ಇಂದು ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಮ್ಮಿನಲ್ಲಿದೆ.

ಹೊಸ ಕಾಲದ ಅಚ್ಚು

ಇಪ್ಪತ್ತನೆಯ ಶತಮಾನ ಬಂದಾಗ ಫೋಟೋ, ಕಲ್ಲಚ್ಚು, ಯಂತ್ರದ ಮುದ್ರಣ ಬಂದು ಮರದಚ್ಚಿನವರಿಗೆ ಕೆಲಸ ಇಲ್ಲದಾಯಿತು. ಆಗ ಎರಡು ದಾರಿ ತೆರೆದವು.

ಒಂದು ದಾರಿ ವತಾನಬೆ ಶೊಜಬುರೊ (1885-1962) ಎಂಬ ಟೋಕಿಯೋದ ಪ್ರಕಾಶಕರದು. ಹಳೆಯ ನಾಲ್ಕು ಕೈಗಳ ಪದ್ಧತಿಯನ್ನೇ ಉಳಿಸಿಕೊಂಡು ಹೊಸ ಚಿತ್ರಕಾರರನ್ನು ಕರೆತಂದರು. ಇದಕ್ಕೆ ಶಿನ್ ಹಂಗಾ, ಅಂದರೆ ಹೊಸ ಅಚ್ಚು ಎಂದು ಹೆಸರಾಯಿತು. ಇವರ ಬಳಿ ಬಂದವರಲ್ಲಿ ಚಾರ್ಲ್ಸ್ ಬಾರ್ಟ್ಲೆಟ್ ಎಂಬ ಇಂಗ್ಲಿಷ್ ಚಿತ್ರಕಾರ ಒಬ್ಬರು. 1913ರಿಂದ ಭಾರತ ಸುತ್ತಿ ಜಪಾನಿಗೆ ಹೋದ ಅವರ ತಾಜ್‌ಮಹಲ್, ಕಾಶಿ, ಉದಯಪುರದ ಚಿತ್ರಗಳನ್ನು 1916ರಲ್ಲಿ ಜಪಾನಿ ಕೆಲಸಗಾರರು ಮರದಲ್ಲಿ ಕೊರೆದರು. 1918ರಲ್ಲಿ ಕವಾಸೆ ಹಸುಯಿ (1883-1957) ಬಂದರು. ಹಿಮ, ಮಳೆ, ರಾತ್ರಿಯ ದೀಪ, ಒಂಟಿ ದಾರಿಹೋಕ, ಇವು ಅವರ ವಿಷಯ. ಜೀವಮಾನದಲ್ಲಿ 600ಕ್ಕೂ ಹೆಚ್ಚು ಚಿತ್ರ ಮಾಡಿದರು.

ಇನ್ನೊಂದು ದಾರಿಗೆ ಸೊಸಾಕು ಹಂಗಾ ಎಂದು ಹೆಸರು. 1904ರಲ್ಲಿ ಯಮಮೊತೊ ಕನಾಎ ಎಂಬ ತರುಣ ಒಬ್ಬ ಮೀನುಗಾರನ ಚಿತ್ರವನ್ನು ತಾನೇ ಬರೆದು, ತಾನೇ ಕೊರೆದು, ತಾನೇ ಒತ್ತಿದ. ಕಲಾವಿದನೇ ಎಲ್ಲ ಮಾಡಬೇಕು ಎಂಬುದು ಇವರ ವಾದ. ಈ ದಾರಿಯ ಮುನಕಾತಾ ಶಿಕೊ ಕಣ್ಣು ಸರಿಯಾಗಿ ಕಾಣದೆ, ಹಲಗೆಗೆ ಮುಖ ತಾಗಿಸಿ ಕೊರೆಯುತ್ತಿದ್ದರು. ಅವರಿಗೇ 1956ರಲ್ಲಿ ವೆನಿಸ್ ಕಲಾಮೇಳದಲ್ಲಿ ಮುದ್ರಣ ಚಿತ್ರದ ದೊಡ್ಡ ಬಹುಮಾನ ಬಂತು.

ಈ ನಡುವೆ 1923ರ ಸೆಪ್ಟೆಂಬರ್ 1ರಂದು ಟೋಕಿಯೋದಲ್ಲಿ ಮಹಾ ಭೂಕಂಪವಾಯಿತು. ಭೂಕಂಪಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಅದರ ಹಿಂದೆ ಬಂದ ಬೆಂಕಿ. ವತಾನಬೆ ಅವರ ಅಂಗಡಿ, ಕೊರೆದ ಹಲಗೆಗಳು, ಒತ್ತಿಟ್ಟ ಚಿತ್ರಗಳು ಎಲ್ಲ ಸುಟ್ಟವು. ಹಸುಯಿ ಅವರ ಸ್ಕೆಚ್ ಪುಸ್ತಕಗಳೂ ಹೋದವು. ಭೂಕಂಪಕ್ಕೆ ಮೊದಲೇ ಮಾರಾಟವಾಗಿ ಯಾರದೋ ಮನೆ ಸೇರಿದ್ದ ಪ್ರತಿಗಳು ಮಾತ್ರ ಉಳಿದವು. ಇಂದು ಸಂಗ್ರಾಹಕರು ‘ಭೂಕಂಪದ ಮುಂಚಿನದು’ ಎಂದರೆ ಕಣ್ಣರಳಿಸುವುದು ಇದಕ್ಕೇ. ಮಾಡಿದವರ ಮನೆಯಲ್ಲಿ ಇದ್ದದ್ದು ಹೋಯಿತು, ಕೊಂಡು ಇಟ್ಟುಕೊಂಡವರ ಮನೆಯಲ್ಲಿ ಇದ್ದದ್ದು ಉಳಿಯಿತು.

ನಮ್ಮ ದೇಶಕ್ಕೆ ಬಂದ ಯೊಶಿದಾ

ಭೂಕಂಪದ ನಂತರ ಅಮೆರಿಕಕ್ಕೆ ಚಿತ್ರ ಮಾರಲು ಹೋದ ಯೊಶಿದಾ ಹಿರೊಶಿ (1876-1950) ಅಲ್ಲಿಯ ಜನಕ್ಕೆ ಮರದಚ್ಚಿನ ಮೇಲಿದ್ದ ಪ್ರೀತಿ ಕಂಡು, 1925ರಲ್ಲಿ ತಮ್ಮದೇ ಕಾರ್ಯಾಗಾರ ತೆರೆದರು. 1930ರ ಕೊನೆಯಲ್ಲಿ ಮಗ ತೊಶಿಯನ್ನು ಕರೆದುಕೊಂಡು ಭಾರತಕ್ಕೆ ಬಂದರು. ಕಾಶಿ, ಆಗ್ರಾ, ಉದಯಪುರ, ಅಮೃತಸರ, ಸಾಂಚಿ, ಮಧುರೆ, ಡಾರ್ಜಿಲಿಂಗ್ ಸುತ್ತಿದರು. ಊರಿಗೆ ಮರಳಿ 1931-32ರಲ್ಲಿ ಭಾರತ ಮತ್ತು ಆಗ್ನೇಯ ಏಷ್ಯಾದ 32 ಚಿತ್ರ ಮಾಡಿದರು. ತಾಜ್‌ಮಹಲಿನದೇ ಆರು ಚಿತ್ರಗಳಿವೆ! ಅವುಗಳಲ್ಲಿ ಅದೇ ಹಲಗೆಗಳಿಗೆ ಬೇರೆ ಬಣ್ಣ ಹಾಕಿ ಹಗಲನ್ನು ರಾತ್ರಿ ಮಾಡಿದ್ದೂ ಇದೆ. ತಾವೇ ಎದುರು ನಿಂತು ಒತ್ತಿಸಿದ ಹಾಳೆಗಳ ಅಂಚಿಗೆ ‘ಜಿಜುರಿ’, ಅಂದರೆ ಸ್ವತಃ ಒತ್ತಿದ್ದು ಎಂಬ ಮುದ್ರೆ ಹಾಕುತ್ತಿದ್ದರು. ಇಂದಿಗೂ ಕೊಳ್ಳುವವರು ಮೊದಲು ಹುಡುಕುವುದು ಆ ಮುದ್ರೆಯನ್ನು.

ಜಪಾನಿನ ಕೈಚಳಕ ಕರ್ನಾಟಕಕ್ಕೂ ಇನ್ನೊಂದು ದಾರಿಯಿಂದ ಬಂದಿತ್ತು. 1903ರಲ್ಲಿ ಯೊಕೊಯಾಮಾ ತೈಕಾನ್, ಹಿಶಿದಾ ಶುನ್‌ಸೊ ಎಂಬ ಜಪಾನಿ ಚಿತ್ರಕಾರರು ಕಲ್ಕತ್ತಕ್ಕೆ ಬಂದಾಗ, ಅವನೀಂದ್ರನಾಥ ಠಾಕೂರರು ಬಣ್ಣವನ್ನು ನೀರಿನಲ್ಲಿ ತೊಳೆದು ಮಂಜಿನಂತೆ ಮಾಡುವ ರೀತಿಯನ್ನು ಅವರಿಂದ ಕಂಡುಕೊಂಡರು. ಆ ಅವನೀಂದ್ರನಾಥರ ಶಿಷ್ಯರಲ್ಲಿ ನಮ್ಮ ಮೈಸೂರಿನ ಕೆ. ವೆಂಕಟಪ್ಪ (1886-1965) ಒಬ್ಬರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಇದೆ. ಅಲ್ಲಿ ಅವರ ಊಟಿಯ ಮಂಜಿನ ಚಿತ್ರ ನೋಡುವವರು ಈ ದೂರದ ನಂಟನ್ನೂ ನೆನೆಯಬಹುದು.

ಕೂಡಿಟ್ಟವರು

ಈಗ ಸಂಗ್ರಾಹಕರ ಮಾತು. ಇವರಲ್ಲಿ ಎಲ್ಲರೂ ದೊಡ್ಡ ಸಾಹುಕಾರರೇನಲ್ಲ. ರಾಬರ್ಟ್ ಮುಲ್ಲರ್ (1911-2003) ಎಂಬ ಅಮೆರಿಕದವರು ವಿದ್ಯಾರ್ಥಿಯಾಗಿದ್ದಾಗ 1931ರಲ್ಲಿ ನ್ಯೂಯಾರ್ಕಿನ ಒಂದು ಅಂಗಡಿಯಲ್ಲಿ ಹಸುಯಿ ಅವರ ಒಂದು ಸೇತುವೆಯ ಚಿತ್ರ ಕಂಡು ಕೊಂಡರು. ಅಲ್ಲಿಂದ ಹಿಡಿದ ಹುಚ್ಚು ಜೀವನಪೂರ್ತಿ ಬಿಡಲಿಲ್ಲ. ಹೊಸ ಅಚ್ಚುಗಳನ್ನು ಪಂಡಿತರು ಕೀಳಾಗಿ ನೋಡುತ್ತಿದ್ದ ಕಾಲದಲ್ಲೂ ಅವರು ಕೂಡಿಸುತ್ತಲೇ ಹೋದರು. ಕೊನೆಗೆ 4 ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ವಾಷಿಂಗ್ಟನ್ನಿನ ಸರ್ಕಾರಿ ಮ್ಯೂಸಿಯಮ್ಮಿಗೆ ಬಿಟ್ಟು ಹೋದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿದ್ದ ಅಮೆರಿಕದ ಸೈನಿಕರು, ನೌಕರರು ಈ ಚಿತ್ರಗಳನ್ನು ಕೊಂಡರು. ಅಂಥವರಲ್ಲೊಬ್ಬರಾದ ಆಲಿವರ್ ಸ್ಟಾಟ್ಲರ್ ಕಲಾವಿದರ ಮನೆಮನೆಗೆ ಹೋಗಿ ಮಾತಾಡಿಸಿ, 1956ರಲ್ಲಿ ಪುಸ್ತಕ ಬರೆದರು. ಆಪಲ್ ಕಂಪ್ಯೂಟರಿನ ಸ್ಟೀವ್ ಜಾಬ್ಸ್ ಕೂಡ ಹಸುಯಿ ಅವರ ಚಿತ್ರಗಳ ಸಂಗ್ರಾಹಕರಾಗಿದ್ದರು. 1984ರ ಮ್ಯಾಕಿಂಟೋಷ್ ಕಂಪ್ಯೂಟರಿನ ಪ್ರಚಾರ ಚಿತ್ರದಲ್ಲಿ ಪರದೆಯ ಮೇಲೆ ಕಾಣುವ, ತಲೆ ಬಾಚಿಕೊಳ್ಳುವ ಹೆಂಗಸು ಹಶಿಗುಚಿ ಗೊಯೊ ಅವರ 1920ರ ಮರದಚ್ಚಿನದು!

ಬಾಸ್ಟನ್ನಿನ ಸ್ಪಾಲ್ಡಿಂಗ್ ಸಹೋದರರ ಕಥೆ ಇನ್ನೂ ವಿಚಿತ್ರ. 1921ರಲ್ಲಿ 6 ಸಾವಿರಕ್ಕೂ ಹೆಚ್ಚು ಹಳೆಯ ಚಿತ್ರಗಳನ್ನು ಮ್ಯೂಸಿಯಮ್ಮಿಗೆ ದಾನ ಕೊಟ್ಟರು. ಷರತ್ತು ಒಂದೇ: ಎಂದೂ ಗೋಡೆಗೆ ಹಾಕಿ ಪ್ರದರ್ಶನ ಮಾಡಬಾರದು. ಏಕೆಂದರೆ ಬೆಳಕು ಬಣ್ಣವನ್ನು ತಿನ್ನುತ್ತದೆ. ಹಾಗಾಗಿ ನೂರು ವರ್ಷದ ನಂತರವೂ ಅವುಗಳ ಬಣ್ಣ ಮೊದಲಿನ ಹಾಗೇ ಇದೆ.

ಕೆಲಸಗಾರನ ಹೆಸರು

ಈ ಇಡೀ ಇತಿಹಾಸದಲ್ಲಿ ನಮ್ಮ ಮನಸ್ಸನ್ನು ಹಿಡಿದದ್ದು ಒಂದು ಸಣ್ಣ ಸಂಗತಿ. ಹಳೆಯ ಕಾಲದ ಚಿತ್ರಗಳ ಮೇಲೆ ಸಾಮಾನ್ಯವಾಗಿ ಚಿತ್ರಕಾರನ ಸಹಿ, ಪ್ರಕಾಶಕನ ಮುದ್ರೆ ಇರುತ್ತದೆ. ಕೊರೆದವನ, ಒತ್ತಿದವನ ಹೆಸರು ಕಾಣುವುದು ಅಪರೂಪ. ತಿಂಗಳುಗಟ್ಟಲೆ ಉಳಿ ಹಿಡಿದವನಿಗೆ ಹೆಸರಿಲ್ಲ! ಆದರೆ ಹೊಸ ಕಾಲದಲ್ಲಿ ದೊಯಿ ಎಂಬ ಪ್ರಕಾಶಕರು ಚಿತ್ರದ ಅಂಚಿನಲ್ಲಿ ಕೊರೆದವನ ಹೆಸರನ್ನೂ ಒತ್ತಿದವನ ಹೆಸರನ್ನೂ ಮುದ್ರೆಯಾಗಿ ಹಾಕಿದರು. ಅದೇ ಚಿತ್ರವನ್ನು ಮುಂದೆ ಮತ್ತೆ ಒತ್ತಿದಾಗ ಕೆಲಸಗಾರ ಬದಲಾದರೆ ಹೆಸರೂ ಬದಲಾಯಿತು. ಇಂದು ಒಂದು ಹಾಳೆ ಯಾವ ಕಾಲದ್ದು, ಅಸಲಿ ಮೊದಲ ಒತ್ತೋ ಆಮೇಲಿನದೋ ಎಂದು ಸಂಗ್ರಾಹಕರು ತೀರ್ಮಾನ ಮಾಡುವುದು ಆ ಕೆಲಸಗಾರರ ಹೆಸರು ನೋಡಿಯೇ. ಚಿತ್ರಕಾರನ ಸಹಿ ಎಲ್ಲದರ ಮೇಲೂ ಒಂದೇ. ಬೆಲೆಯನ್ನು ನಿರ್ಧರಿಸುವುದು ಕೂಲಿ ಮಾಡಿದವನ ಹೆಸರು!

ಇದನ್ನು ಚಿಂಬಲ್‌ನ ಕನ್ನಡದ ಮನೆಗಳಿಗೆ ಹೇಳದೆ ಇನ್ನಾರಿಗೆ ಹೇಳೋಣ? ಇಲ್ಲಿಯ ಮಕ್ಕಳ ತಂದೆ ತಾಯಿ, ಅಜ್ಜ ಅಜ್ಜಿಯರು ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ದುಡಿಯಲು ಬಂದವರು. ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ, ರಸ್ತೆ ಕೆಲಸ ಮಾಡಿದವರು. ಪಣಜಿಯ ಕಟ್ಟಡಗಳ ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರಿದೆ, ಎಂಜಿನಿಯರರ ಹೆಸರಿದೆ. ಕಲ್ಲು ಹೊತ್ತವರ ಹೆಸರಿಲ್ಲ. ಅದನ್ನು ಬೇರೆಯವರು ಬರೆಯುತ್ತಾರೆಂದು ಕಾದರೆ ಆಗದು. ನಾವೇ ಬರೆದಿಡಬೇಕು.

ನಮ್ಮ ಕಾಗದಗಳು

ನಮ್ಮಲ್ಲೂ ಅಗ್ಗದ ಕಾಗದದ ಇತಿಹಾಸ ಕಡಿಮೆಯೇನಿಲ್ಲ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ತೆರೆದು ಲಕ್ಷ್ಮಿ ಸರಸ್ವತಿಯರನ್ನು ಕಲ್ಲಚ್ಚಿನಲ್ಲಿ ಒತ್ತಿ ಬಡವರ ಗೋಡೆಗೂ ತಲುಪಿಸಿದರು. ಆಮೇಲೆ ಮಳವಲಿಗೆ ಹೋದ ಆ ಪ್ರೆಸ್ಸು 1972ರಲ್ಲಿ ಬೆಂಕಿಗೆ ಸಿಕ್ಕಿತು. ಅದೃಷ್ಟಕ್ಕೆ ಕೆಲವರು ಕೂಡಿಟ್ಟಿದ್ದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ರವಿವರ್ಮರ ಅಚ್ಚಿನ ಚಿತ್ರಗಳಿಗೇ ಒಂದು ಜಾಗ ಇದೆ. ಶೆಣೈ ಅವರು ಅರಸರೂ ಅಲ್ಲ, ಜಮೀನ್ದಾರರೂ ಅಲ್ಲ. ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದವರು. ಕೆಡವುತ್ತಿದ್ದ ಹಳೆಯ ಮನೆಗಳನ್ನೇ ತಂದು ಮತ್ತೆ ನಿಲ್ಲಿಸಿದವರು.

ಇನ್ನು ಕಡ್ಡಿಪೆಟ್ಟಿಗೆ! ಒಂದು ಕಾಲದಲ್ಲಿ ನಮ್ಮ ದೇಶಕ್ಕೆ ಕಡ್ಡಿಪೆಟ್ಟಿಗೆ ಹಡಗುಗಟ್ಟಲೆ ಬರುತ್ತಿದ್ದುದು ಜಪಾನಿನಿಂದ. ಕೋಬೆ, ಒಸಾಕಾದ ಕಾರ್ಖಾನೆಯವರು ನಮ್ಮ ಕೃಷ್ಣ, ಗಣಪತಿ, ಆನೆ, ಹುಲಿಗಳ ಚಿತ್ರವನ್ನು ಪೆಟ್ಟಿಗೆಗೆ ಅಂಟಿಸಿ ಕಳಿಸುತ್ತಿದ್ದರು. 1922ರಲ್ಲಿ ಆಮದು ಸುಂಕ ಏರಿದ ಮೇಲೆ ಆ ವ್ಯಾಪಾರ ಬಿತ್ತು. ಮರುವರ್ಷ ಸ್ವೀಡನ್ನಿನವರು ವಿಮ್ಕೊ ಕಂಪನಿ ತೆರೆದರು. ಆ ಜಪಾನಿ ಚೀಟಿಗಳನ್ನು ಇಂದು ದುಡ್ಡು ಕೊಟ್ಟು ಹುಡುಕುವವರಿದ್ದಾರೆ. ನಮ್ಮ ಹುಡುಗರು ಕಡ್ಡಿಪೆಟ್ಟಿಗೆಯ ಚಿತ್ರ ಕೂಡಿಸಿ ಆಡುವಾಗ ಬೈಯುವ ಹಿರಿಯರು ಇದನ್ನು ಗಮನಿಸಬೇಕು.

ಹಾಗಾದರೆ ನಾವು ಏನು ಕೂಡಿಡಬೇಕು? ಜಪಾನಿನ ಚಿತ್ರ ಕೊಳ್ಳುವ ಶಕ್ತಿ ನಮಗಿಲ್ಲ, ಅದರ ಅಗತ್ಯವೂ ಇಲ್ಲ. ಊರಿನ ಜಾತ್ರೆಯ ಕರಪತ್ರ, ಬಯಲಾಟದ ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕೆ, ಹಳೆಯ ಕ್ಯಾಲೆಂಡರು, ಗೋವಾಕ್ಕೆ ಬಂದ ಮೊದಲ ವರ್ಷದ ಫೋಟೋ, ಮುಗಿದುಹೋದ ರೇಷನ್ ಕಾರ್ಡು, ಹಳೆಯ ಕನ್ನಡ ಪಠ್ಯಪುಸ್ತಕ, ಊರಿಂದ ಬಂದ ಪತ್ರ. ಇವೇ ನಮ್ಮ ಸಂಗ್ರಹ. ಗೋವಾದಲ್ಲಿ ಕನ್ನಡ ಶಾಲೆಗೆ ಬರುವ ಮಕ್ಕಳು ಎಷ್ಟು ದಿನ ಇರುತ್ತಾರೋ ಎಂದು ನಾವೆಲ್ಲ ಚಿಂತೆ ಮಾಡುತ್ತೇವೆ. ಶಾಲೆ ಇದ್ದದ್ದಕ್ಕೂ ಜನ ಇದ್ದದ್ದಕ್ಕೂ ಮುಂದೆ ಸಾಕ್ಷಿ ಹೇಳುವುದು ಈ ಕಾಗದಗಳೇ.

ಕಾಗದ ಕಾಯುವ ರೀತಿಯನ್ನು ಸಂಗ್ರಾಹಕರಿಂದಲೇ ಕಲಿಯಬಹುದು. ಗೋವಾದ ಮಳೆಗಾಲ ಕಾಗದಕ್ಕೆ ಶತ್ರು.

ಒಂದು, ಮಡಚಬೇಡಿ, ಸುರುಳಿ ಸುತ್ತಬೇಡಿ. ಚಪ್ಪಟೆಯಾಗಿ ಇಡಿ.

ಎರಡು, ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಅಂಟು ಕೆಲವು ವರ್ಷಕ್ಕೆ ಕಂದು ಕಲೆಯಾಗುತ್ತದೆ. ಲ್ಯಾಮಿನೇಷನ್ ಬಿಡಿಸಲು ಬರುವುದಿಲ್ಲ.

ಮೂರು, ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ನೆಲಕ್ಕೆ ತಾಗಿಸಿ ಇಡಬೇಡಿ. ಮಳೆಗಾಲ ಮುಗಿದ ಮೇಲೆ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ.

ನಾಲ್ಕು, ಎಲ್ಲಕ್ಕಿಂತ ಮುಖ್ಯ: ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಯಾರು ಕೊಟ್ಟರು, ಯಾರು ಮಾಡಿದರು ಎಂದು ಬರೆಯಿರಿ. ಹೆಸರಿಲ್ಲದ ಕಾಗದ ಐವತ್ತು ವರ್ಷದ ನಂತರ ರದ್ದಿ. ಹೆಸರಿದ್ದರೆ ಅದೇ ದಾಖಲೆ.

ಶಿಕ್ಷಕ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಈ ವರ್ಷ ನಿಮ್ಮ ತರಗತಿಯಲ್ಲಿ ಒಂದು ರಟ್ಟಿನ ಡಬ್ಬಿ ಇಡಿ. ಪ್ರತಿ ಮಗು ಮನೆಯಿಂದ ಒಂದೇ ಒಂದು ಕಾಗದ ತರಲಿ. ಅಪ್ಪನೋ ಅವ್ವನೋ ಗೋವಾದಲ್ಲಿ ಯಾವ ಕಟ್ಟಡದ, ಯಾವ ಸೇತುವೆಯ, ಯಾವ ರಸ್ತೆಯ ಕೆಲಸ ಮಾಡಿದರು ಎಂದು ಕೇಳಿ ಬರೆದುಕೊಂಡು ಬರಲಿ. ಓದು ಬಾರದ ತಾಯಂದಿರ ಹೆಸರನ್ನು ಮಗುವೇ ಬರೆಯಲಿ. ಸಮಾಜ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಇಲ್ಲ. ದುಡ್ಡೂ ಬೇಡ.

1588ರಲ್ಲಿ ಇಲ್ಲೇ ಪಕ್ಕದಲ್ಲಿ ಅಚ್ಚು ಹಾಕಿದ ಒಬ್ಬ ಜಪಾನಿಯ ಹೆಸರು ನಮಗೆ ಇಂದು ಗೊತ್ತಿರುವುದು ಅವನು ಅದನ್ನು ಪುಸ್ತಕದ ಮೇಲೆ ಹಾಕಿದ್ದರಿಂದ, ಆ ಪುಸ್ತಕವನ್ನು ಯಾರೋ ಎಸೆಯದೆ ಇಟ್ಟದ್ದರಿಂದ. ಇಷ್ಟೇ ಇದರ ಗುಟ್ಟು.

ನಿಮ್ಮ ಶಾಲೆಯ ಡಬ್ಬಿಯಲ್ಲಿ ಏನೇನು ಸಿಕ್ಕಿತು ಎಂದು ನಮಗೆ ತಪ್ಪದೆ ತಿಳಿಸಿರಿ.